ಐದು ಗಂಟೆಯ ಪುಟ

ಅವರು ಮೊದಲ ಸಲ ನಮ್ಮ ಕೇಂದ್ರಕ್ಕೆ ಬಂದಾಗ ನಾನು ಮಾಡಿದ ಮೊದಲ ಕೆಲಸ ಅವರನ್ನು ಬೈದದ್ದು.

"ಈಗ ಬಂದ್ರಾ? ಮೂರು ವಾರದಿಂದ ಫೋನ್ ಮಾಡ್ತಾನೇ ಇದ್ದೀವಿ. ಲಿಫ್ಟ್ ಅಲ್ಲಿದೆ, ನೋಡಿ."

ನೀಲಿ ಯೂನಿಫಾರ್ಮು, ಜೇಬಿನ ಮೇಲೆ ಲಿಫ್ಟ್ ಕಂಪನಿಯ ಹೆಸರು, ಹೆಗಲಲ್ಲಿ ಟೂಲ್ಸ್ ಚೀಲ. ನಾನು ಇನ್ನೇನು ತಿಳಿಯಬೇಕಿತ್ತು? ಅವರು ಏನೋ ಹೇಳಲು ಬಾಯಿ ತೆರೆದರು, ನನ್ನ ಮುಖ ನೋಡಿ ಮುಚ್ಚಿಕೊಂಡರು. ಜೊತೆಗಿದ್ದ ಐದು ವರ್ಷದ ಹುಡುಗಿಯನ್ನು ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿ, ಲಿಫ್ಟಿನ ಮುಂದೆ ಮಂಡಿಯೂರಿ ಕುಳಿತರು. ಇಪ್ಪತ್ತು ನಿಮಿಷದ ಮೇಲೆ ಲಿಫ್ಟ್ ಕೆಮ್ಮುತ್ತ ಮೂರನೇ ಮಹಡಿಗೆ ಬಂತು. ಅವರು ಕೈ ಒರೆಸಿಕೊಂಡು ನನ್ನ ಮೇಜಿನ ಮುಂದೆ ನಿಂತರು.

"ಆಯ್ತು ಟೀಚರ್. ಇನ್ನು ಅಡ್ಮಿಷನ್ ಫಾರ್ಮ್ ಕೊಡ್ತೀರಾ?"

ಅವರ ಕಂಪನಿಯೇ ಬೇರೆ ಎಂದು ಆಮೇಲೆ ಗೊತ್ತಾಯಿತು. ನನಗೆ ನೆಲ ಬಾಯಿ ಬಿಟ್ಟರೆ ಸಾಕು ಎನಿಸಿತ್ತು. ಅವರು ಫಾರ್ಮಿನ ಮೇಲೆ ಬಗ್ಗಿದ್ದರೂ ತುಟಿಯ ಒಂದು ಮೂಲೆ ಮಾತ್ರ ನನ್ನ ಕಡೆ ನಗುತ್ತಿತ್ತು.

ಹುಡುಗಿ ಅವರ ಅಕ್ಕನ ಮಗಳು. ಅಕ್ಕ ಒಬ್ಬಂಟಿ ತಾಯಿ, ದೂರದ ಊರಿನಲ್ಲಿ ಆರು ತಿಂಗಳ ನರ್ಸಿಂಗ್ ಕೋರ್ಸಿಗೆ ಸೇರಿದ್ದಳು. ಅಷ್ಟು ದಿನ ಮಗು ಸೋದರಮಾವನ ಪಾಲಿಗೆ. ಕಣ್ಣಿಗೆ ಬಿದ್ದ ಗುಂಡಿಯನ್ನೆಲ್ಲ ಒತ್ತುವ ಚಟವಿದ್ದುದರಿಂದ ಮನೆಯವರು ಇಟ್ಟ ಹೆಸರು ಬಟನ್. ಲಿಫ್ಟ್ ಮೆಕ್ಯಾನಿಕ್ಕಿನ ಸೋದರಸೊಸೆಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗುವುದಿಲ್ಲ.

ನನ್ನ ಕೆಲಸ ಏನೆಂದೂ ಹೇಳಿಬಿಡುತ್ತೇನೆ. ಆಟಿಸಂ ಇರುವ ಪುಟ್ಟ ಮಕ್ಕಳಿಗೆ ನಾನು ಕಥೆ ಬರೆಯುತ್ತೇನೆ. ರಾಜ, ರಾಣಿ, ನರಿ ಯಾರೂ ಇಲ್ಲದ ಕಥೆ. ಕೂದಲು ಕತ್ತರಿಸುವ ಅಂಗಡಿಯಲ್ಲಿ ಏನಾಗುತ್ತದೆ, ಬೆಲ್ ಹೊಡೆದಾಗ ಕಿವಿ ಮುಚ್ಚಿಕೊಳ್ಳಬಹುದೇ, ಗೆಳೆಯನ ಚೆಂಡು ಬೇಕೆನಿಸಿದರೆ ಹೇಗೆ ಕೇಳುವುದು, ಇಂಥವು. ಏಳೆಂಟು ಪುಟ, ಪುಟಕ್ಕೊಂದು ಫೋಟೊ, ಒಂದೋ ಎರಡೋ ವಾಕ್ಯ. ಮಗುವೇ ಹೇಳುತ್ತಿರುವ ಹಾಗೆ 'ನಾನು' ಎಂದು ಬರೆಯಬೇಕು. ಗದರಿಸಬಾರದು. ಏನಾಗುತ್ತದೆ, ಯಾರಿಗೆ ಹೇಗನಿಸುತ್ತದೆ ಎಂದು ತಿಳಿಸಿ, ನಾನೇನು ಮಾಡಬಹುದು ಎಂಬುದನ್ನು ಕೊನೆಗೆ ಮೆಲ್ಲಗೆ ಹೇಳಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ, ಖಾತ್ರಿಯಿಲ್ಲದ್ದನ್ನು ಖಾತ್ರಿಯೆಂದು ಬರೆಯಬಾರದು. ಅಲ್ಲಿ 'ಸಾಮಾನ್ಯವಾಗಿ' ಎಂದೋ 'ಕೆಲವೊಮ್ಮೆ' ಎಂದೋ ಸೇರಿಸಲೇಬೇಕು. ದೊಡ್ಡವರು ಮಾತನ್ನು ಅರ್ಧ ನಂಬುತ್ತಾರೆ, ಈ ಮಕ್ಕಳು ಪೂರ್ತಿ ನಂಬುತ್ತಾರೆ ಎನ್ನುವುದು ನಮ್ಮ ದೊಡ್ಡ ಮೇಡಂ ಯಾವಾಗಲೂ ಹೇಳುವ ಮಾತು.

ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ. ಹಗಲೆಲ್ಲ ಮಕ್ಕಳ ಗದ್ದಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಮರುದಿನದವರೆಗೆ ನನ್ನ ಬಾಯಿಗೆ ಕೆಲಸವಿಲ್ಲ. ಅಮ್ಮ ಹೋದ ಮೇಲೆ ಮೂರು ವರ್ಷದಿಂದ ಹೀಗೇ. ಒಂದು ತಟ್ಟೆ, ಒಂದು ಲೋಟ, ತೊಳೆಯಲು ಎರಡು ನಿಮಿಷ. ಒಂಟಿತನ ಅಭ್ಯಾಸವಾಗಿಬಿಡುತ್ತದೆ ಅನ್ನುವವರನ್ನು ನಾನು ನಂಬುವುದಿಲ್ಲ. ಅಭ್ಯಾಸವಾಗುವುದು ಬೇಗ ಮಲಗುವುದು, ಅಷ್ಟೆ.

ಬಟನ್‌ಗೆ ಸಂಜೆ ಎಂದರೆ ಭಯ. ನಾಲ್ಕು ಗಂಟೆಗೆ ಬೇರೆ ಮಕ್ಕಳ ಅಪ್ಪ ಅಮ್ಮ ಬರಲು ಶುರುವಾದರೆ ಇವಳು ಬಾಗಿಲಲ್ಲಿ ಅಡ್ಡ ಮಲಗಿ ಅಳುತ್ತಿದ್ದಳು. ಅಮ್ಮ ಒಂದು ದಿನ ಕೈ ಬೀಸಿ ಹೋದವಳು ಬಂದಿಲ್ಲ, ಮಾಮ ಬರುತ್ತಾನೆಂದು ಹೇಗೆ ನಂಬುವುದು? ಅವಳ ಲೆಕ್ಕಾಚಾರದಲ್ಲಿ ತಪ್ಪೇನೂ ಇರಲಿಲ್ಲ.

ಒಂದು ಸಂಜೆ ಅವರಿಗೆ ನನ್ನ ನಿಯಮದ ಬಗ್ಗೆ ಹೇಳುತ್ತಿದ್ದೆ. ಅವರು ಬೆಂಚಿನ ಮೇಲೆ ಕುಳಿತು ಮಗುವಿನ ಶೂ ಲೇಸ್ ಕಟ್ಟುತ್ತಿದ್ದರು.

"ನಮ್ಮಲ್ಲೂ ಹಾಗೇ" ಎಂದರು. "ಲಿಫ್ಟ್ ಒಳಗೆ ಸಿಕ್ಕಿಕೊಂಡವರಿಗೆ ಎರಡು ನಿಮಿಷ ಅಂತ ಹೇಳಬಾರದು. ಮೂರನೇ ನಿಮಿಷಕ್ಕೆ ಹುಚ್ಚು ಹಿಡಿಯುತ್ತೆ."

"ಮತ್ತೆ ಏನು ಹೇಳ್ತೀರಿ?"

"ನಾನು ಇಲ್ಲೇ ಇದ್ದೀನಿ. ಕೆಲಸ ಮಾಡ್ತಾ ಇದ್ದೀನಿ. ಈಗ ಒಂದು ಸದ್ದಾಗುತ್ತೆ, ಹೆದರಬೇಡಿ. ಅಷ್ಟೇ."

ಲೇಸಿನ ಗಂಟನ್ನು ಎರಡು ಸಲ ಎಳೆದು ನೋಡಿ ಎದ್ದರು. ನನ್ನ ಎದೆಯೊಳಗೂ ಆಗ ಒಂದು ಸದ್ದಾಯಿತು. ಹೆದರಬೇಡ ಎಂದು ಹೇಳುವವರು ಮಾತ್ರ ಇರಲಿಲ್ಲ.

ಆ ವಾರ ಬಟನ್‌ಗೆ ಸಂಜೆಯ ಕಥೆ ಬರೆದೆ. ಬೇರೆ ಮಕ್ಕಳು ಹೋಗುತ್ತಾರೆ. ನನಗೆ ಅಳು ಬರಬಹುದು. ನಾನು ಗಡಿಯಾರ ನೋಡಬಹುದು. ನಾಲ್ಕನೇ ಪುಟದಲ್ಲಿ ಬೆಂಚಿನ ಮೇಲೆ ಕುಳಿತ ಅವರ ಫೋಟೊ, ಕೆಳಗೆ ಇಷ್ಟು: 'ಐದು ಗಂಟೆಗೆ ಮಾಮ ಬರುತ್ತಾನೆ.'

ಪುಸ್ತಕ ಕೆಲಸ ಮಾಡಿತು. ಮೂರನೇ ದಿನಕ್ಕೆ ಅಳು ನಿಂತಿತು. ನಾಲ್ಕಕ್ಕೆ ಪುಸ್ತಕ ತೆಗೆದುಕೊಂಡು ಕಿಟಕಿಯ ಕೆಳಗೆ ಕೂರುವಳು. ಐದಾದರೆ ಮೆಟ್ಟಿಲಲ್ಲಿ ಹೆಜ್ಜೆ ಸದ್ದು, ಬೆಂಚಿನ ಮೇಲೆ ಟೂಲ್ಸ್ ಚೀಲ ಇಟ್ಟ ಸದ್ದು. ನಾನು ಕೈಯಲ್ಲಿ ಏನಾದರೊಂದು ಕಾಗದ ಹಿಡಿದು ಹೊರಗೆ ಬರುತ್ತಿದ್ದೆ. ಅವರು ಪ್ರತಿ ಸಲ ಕಾಗದ ನೋಡಿ, ಆಮೇಲೆ ನನ್ನನ್ನು ನೋಡುತ್ತಿದ್ದರು. ಒಂದು ದಿನ, "ಟೀಚರ್, ಇವತ್ತು ಖಾಲಿ ಹಾಳೆ ತಂದಿದ್ದೀರಿ" ಎಂದರು. ನೋಡಿಕೊಂಡರೆ ನಿಜ. ಹೋಗುವಾಗ ಬಟನ್ ಲಿಫ್ಟಿನ ಗುಂಡಿಗಳನ್ನೆಲ್ಲ ಒತ್ತುವಳು, ಅವರು ಪ್ರತಿ ಮಹಡಿಯಲ್ಲೂ ಬಾಗಿಲು ತೆರೆಯುವವರೆಗೆ ತಾಳ್ಮೆಯಿಂದ ನಿಂತು ಇಳಿಯುವರು. ನಾನು ಮೇಲೆ ನಿಂತು ಆ ಸದ್ದುಗಳನ್ನು ಕೇಳುವೆನು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರನ್ನು ಕಂಡರೆ ನನಗೆ ನಗು. ಆ ಎರಡು ತಿಂಗಳು ಮನಸ್ಸಿನಲ್ಲಿ ಎಷ್ಟು ಕುಲಾವಿ ಹೊಲಿದೆನೋ.

ಒಂದು ಗುರುವಾರ ಐದಾಯಿತು, ಅವರು ಬರಲಿಲ್ಲ.

ಬಟನ್ ನಾಲ್ಕನೇ ಪುಟ ತೆರೆದು ಬೆರಳಿಟ್ಟಳು. ಗಡಿಯಾರ ನೋಡಿದಳು. ಮತ್ತೆ ಪುಟ ನೋಡಿದಳು. ಐದು ಹತ್ತಕ್ಕೆ ಆ ಪುಟವನ್ನು ಹರಿದು ಬಾಯಿಗೆ ತುರುಕಿಕೊಂಡಳು. ಆಮೇಲೆ ಹಣೆಯನ್ನು ನೆಲಕ್ಕೆ ಚಚ್ಚತೊಡಗಿದಳು. ನಾನು ಅಂಗೈ ಒಡ್ಡಿದೆ. ದಿಂಬು ಬರುವಷ್ಟರಲ್ಲಿ ಹಣೆಯೂ ಊದಿತ್ತು, ನನ್ನ ಕೈಯೂ ಊದಿತ್ತು. ಅವರು ಬಂದಾಗ ಆರೂಕಾಲು. ಯಾವುದೋ ಕಟ್ಟಡದಲ್ಲಿ ವಯಸ್ಸಾದ ಹೆಂಗಸೊಬ್ಬರು ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದರಂತೆ, ಫೋನು ಕೆಳಗೆ ಚೀಲದಲ್ಲಿ ಉಳಿದಿತ್ತಂತೆ.

ದೊಡ್ಡ ಮೇಡಂ ಮರುದಿನ ಆ ಪುಸ್ತಕ ತರಿಸಿಕೊಂಡರು. ಹರಿದ ಪುಟದ ಪ್ರತಿ ನನ್ನ ಕಂಪ್ಯೂಟರಿನಲ್ಲಿತ್ತು, ಓದಿದರು. 'ಸಾಮಾನ್ಯವಾಗಿ' ಎಲ್ಲಿ ಎಂದು ಕೇಳಿದರು. ಮರೆತೆ ಎಂದೆ.

"ಹನ್ನೊಂದು ವರ್ಷದಲ್ಲಿ ಒಂದು ಸಲವೂ ಮರೆತಿಲ್ಲ ನೀನು" ಎಂದರು ಅವರು, ಕನ್ನಡಕ ತೆಗೆಯುತ್ತ. "ಐದು ಗಂಟೆಗೆ ಬಂದೇ ಬರಬೇಕು ಅಂತ ಯಾರಿಗೆ ಇತ್ತು? ಮಗುವಿಗಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಊದಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಆ ಸಂಜೆ ಮಗುವಿನ ಮಾಮನಿಗೆ ತಪ್ಪು ನನ್ನದೆಂದು ಹೇಳಿದೆ. ಕಾರಣ ಹೇಳಲಿಲ್ಲ.

"ನಾನು ಅವಳಿಗೆ ಬರ್ತೀನಿ ಅಂತ ಮಾತ್ರ ಹೇಳ್ತೀನಿ. ಐದು ಅಂತ ಯಾವತ್ತೂ ಹೇಳಿಲ್ಲ" ಎಂದರು. "ನನ್ನನ್ನ ಒಂದು ಮಾತು ಕೇಳಬೇಕಿತ್ತು ಟೀಚರ್."

ಅಷ್ಟೇ. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅಂದಿನಿಂದ ಅವರು ಮೇಲೆ ಬರುವುದು ಬಿಟ್ಟರು. ಕೆಳಗೆ ಗೇಟಿನಲ್ಲಿ ನಿಲ್ಲುವರು, ಆಯಾ ಮಗುವನ್ನು ಕರೆದುಕೊಂಡು ಹೋಗಿ ಬಿಡುವಳು. ಬಟನ್ ನನ್ನ ಪುಸ್ತಕಗಳನ್ನು ಮುಟ್ಟುವುದನ್ನೇ ನಿಲ್ಲಿಸಿದಳು. ನಾನೊಂದು ಪುಟ ತೆರೆದರೆ ಕಣ್ಣು ಮುಚ್ಚಿಕೊಳ್ಳುವಳು. ಮಾಡಿದ್ದುಣ್ಣೋ ಮಹಾರಾಯ. ಸಂಜೆ ಐದಕ್ಕೆ ಖಾಲಿ ಬೆಂಚಿನ ಮುಂದೆ ಖಾಲಿ ಹಾಳೆ ಹಿಡಿದು ಮೂರು ವಾರ ಓಡಾಡಿದೆ.

ಆಮೇಲೆ ಒಂದು ಮಧ್ಯಾಹ್ನ ಅವರೇ ಮೆಟ್ಟಿಲು ಹತ್ತಿ ಬಂದರು. ಅಕ್ಕನ ಕೋರ್ಸ್ ಮುಗಿದಿತ್ತು, ಕೆಲಸವೂ ಸಿಕ್ಕಿತ್ತು, ಮಗಳನ್ನು ಕರೆದೊಯ್ಯಲು ಬರುತ್ತಿದ್ದಳು. ಹತ್ತು ದಿನ ಉಳಿದಿತ್ತು. ಹದಿನಾಲ್ಕು ಗಂಟೆಯ ರೈಲು ಪ್ರಯಾಣ, ಹೊಸ ಮನೆ, ಹೊಸ ಶಾಲೆ. ಬಟನ್ ಪುಸ್ತಕ ಮುಟ್ಟುವುದಿಲ್ಲ, ಆದರೂ ಬರೆದುಕೊಡಬೇಕು ಎಂದರು.

ಹೂಂ ಎಂದೆ. ಮಗು ತಾಯಿಯ ಬಳಿಗೆ ಹೋಗುತ್ತಿದೆ ಎಂಬ ಸಂತೋಷ ನಿಜವಾಗಿಯೂ ಆಯಿತು. ಅದರ ಬೆನ್ನಿಗೇ, ಇನ್ನು ಹತ್ತು ದಿನ ಕಳೆದರೆ ಇವರಿಗೆ ಈ ಮೆಟ್ಟಿಲು ಹತ್ತಲು ಕಾರಣವೇ ಇರುವುದಿಲ್ಲ ಎನ್ನುವುದು ಬಂತು. ನುಂಗಲಾರದ ಬಿಸಿತುಪ್ಪ.

ಮೊದಲು ಹಳೆಯ ಪುಸ್ತಕ ರಿಪೇರಿ ಮಾಡಿದೆ. ಹರಿದ ಪುಟದ ಜಾಗಕ್ಕೆ ನನ್ನ ಫೋಟೊ ಅಂಟಿಸಿ ಬರೆದೆ: 'ಟೀಚರ್ ತಪ್ಪು ಬರೆದಿದ್ದರು. ಮಾಮ ಸಾಮಾನ್ಯವಾಗಿ ಐದು ಗಂಟೆಗೆ ಬರುತ್ತಾನೆ. ಕೆಲವೊಮ್ಮೆ ತಡವಾಗುತ್ತದೆ. ಮಾಮ ನನ್ನನ್ನು ಮರೆತಿರುವುದಿಲ್ಲ.' ಪುಸ್ತಕವನ್ನು ಕಿಟಕಿಯ ಕೆಳಗೆ ಬಿಟ್ಟು ದೂರ ಕುಳಿತೆ. ಬಟನ್ ಎರಡು ದಿನ ಅದರ ಸುತ್ತ ಓಡಾಡಿದಳು. ಮೂರನೇ ದಿನ ತೆರೆದು, ನನ್ನ ಫೋಟೊದ ಮೇಲೆ ಗುಂಡಿ ಒತ್ತುವ ಹಾಗೆ ಬೆರಳು ಒತ್ತಿದಳು. ನನಗೆ ಕ್ಷಮೆ ಸಿಕ್ಕಿತೆಂದು ತಿಳಿದುಕೊಂಡೆ.

ರೈಲಿನ ಪುಸ್ತಕಕ್ಕೆ ಈ ಸಲ ಪ್ರತಿಯೊಂದನ್ನೂ ವಿಚಾರಿಸಿಯೇ ಬರೆದೆ. ಭಾನುವಾರ ಫೋಟೊ ತೆಗೆಯಲು ಮೂವರೂ ಸ್ಟೇಷನ್ನಿಗೆ ಹೋದೆವು. ರೈಲು ಮೂರನೇ ಪ್ಲಾಟ್‌ಫಾರ್ಮಿಗೇ ಬರುತ್ತದೆಯೇ ಎಂದು ಅಲ್ಲಿನ ನೌಕರರನ್ನು ಕೇಳಿದೆ. ಸಾಮಾನ್ಯವಾಗಿ ಹೌದು ಎಂದರು ಅವರು. ಪಕ್ಕದಲ್ಲಿ ಇವರು ನಕ್ಕುಬಿಟ್ಟರು. ಒಂದು ತಿಂಗಳ ಮೇಲೆ ಕೇಳಿದ ನಗು.

"ಇವರೂ ನಿಮ್ಮ ಹತ್ತಿರ ಕಲಿತವರಾ?" ಎಂದರು.

ಹೊರಡುವ ಹಿಂದಿನ ದಿನ ಬಟನ್ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ನೋಡಿದಳು. ರೈಲು, ಮೇಲಿನ ಬರ್ತು, ಅಮ್ಮನ ಮನೆ, ಅಮ್ಮನ ಮನೆಯ ಸ್ವಿಚ್‌ಬೋರ್ಡು. ಕೊನೆಯ ಪುಟ ಮುಗಿದ ಮೇಲೂ ರಟ್ಟನ್ನು ಕೆರೆದು ಇನ್ನೊಂದು ಪುಟ ಹುಡುಕಿದಳು.

"ಐದು ಗಂಟೆ" ಎಂದಳು. "ಐದು ಗಂಟೆಗೆ ಮಾಮ?"

ಆ ಪುಟ ನಾನು ಬರೆದೇ ಇರಲಿಲ್ಲ. ತಾನು ಹೋದ ಮೇಲೆ ಐದು ಗಂಟೆಗೆ ಮಾಮ ಎಲ್ಲಿರುತ್ತಾನೆ? ಅದು ಗೊತ್ತಾಗದೆ ಅವಳು ಪುಸ್ತಕ ಮುಚ್ಚಲು ಬಿಡಲಿಲ್ಲ. ನಾನು ಹೊರಗೆ ಬಂದು ಅವರನ್ನು ಕೇಳಿದೆ. ಊಹಿಸಿ ಬರೆಯುವ ಧೈರ್ಯ ಇನ್ನಿರಲಿಲ್ಲ.

"ನಾಳಿದ್ದಿಂದ ಐದು ಗಂಟೆಗೆ ಎಲ್ಲಿರ್ತೀರಿ?"

"ಗೊತ್ತಿಲ್ಲ" ಎಂದರು. "ಮನೆಗೆ ಹೋಗಿ ಏನು ಮಾಡ್ಲಿ? ಅವಳ ಗಲಾಟೆ ಇಲ್ಲದ ಮನೆ."

"ಗೊತ್ತಿಲ್ಲ ಅಂತ ಬರೆದರೆ ಅವಳು ಒಪ್ಪಲ್ಲ."

ಅವರು ಟೂಲ್ಸ್ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

"ಬೆಂಚ್ ಮೇಲೆ ಅಂತ ಬರೀರಿ" ಎಂದರು ಕೊನೆಗೆ. "ಒಂದು ತಿಂಗಳು ಗೇಟ್‌ನಲ್ಲಿ ನಿಂತೆನಲ್ಲ, ಕಾಲು ಸುಮ್ಮನೆ ಇರಲಿಲ್ಲ. ನಿಮಗೆ ತೊಂದರೆ ಇಲ್ಲ ಅಂದ್ರೆ."

ತೊಂದರೆ ಇಲ್ಲವೆಂದು ತಲೆಯಾಡಿಸಿದೆ. ಫೋಟೊ ತೆಗೆಯಲು ಅವರು ಬೆಂಚಿನ ಮೇಲೆ ಕುಳಿತರು. ಬಟನ್ ನೋಡಿದಳು, ಒಪ್ಪಲಿಲ್ಲ. ನನ್ನ ಕೈಯಿಂದ ಕ್ಯಾಮೆರಾ ಕಿತ್ತು ದೊಡ್ಡ ಮೇಡಂಗೆ ಕೊಟ್ಟು, ನನ್ನ ಮಣಿಕಟ್ಟು ಹಿಡಿದು ಎಳೆದು ಬೆಂಚಿನ ಪಕ್ಕ ನಿಲ್ಲಿಸಿದಳು. ಅದೂ ಸಾಲದೆ ನನ್ನ ಕೈಗೊಂದು ಹಾಳೆ ತುರುಕಿದಳು.

"ಐದು ಗಂಟೆ. ಮಾಮ, ಟೀಚರ್" ಎಂದಳು. ಅವಳು ಕಂಡದ್ದನ್ನು ಕಂಡ ಹಾಗೆ ಹೇಳಿದಳು, ಅಷ್ಟೆ. ಮೇಡಂ ಏನೂ ಕೇಳಿಸದವರಂತೆ ಫೋಟೊ ಕ್ಲಿಕ್ಕಿಸಿದರು.

ಮುದ್ರಿಸಿ, ಕೆಳಗೆ ಬರೆದೆ: 'ಐದು ಗಂಟೆಗೆ ಮಾಮ ಸಾಮಾನ್ಯವಾಗಿ ಬೆಂಚಿನ ಮೇಲೆ ಇರುತ್ತಾನೆ. ಟೀಚರ್ ಇರುತ್ತಾರೆ.' ಅವರು ನನ್ನ ಹೆಗಲ ಮೇಲಿಂದ ಓದಿದರು. ಅಷ್ಟು ಹತ್ತಿರ ಅವರು ಯಾವತ್ತೂ ನಿಂತಿರಲಿಲ್ಲ.

"ಟೀಚರ್‌ಗೆ ಸಾಮಾನ್ಯವಾಗಿ ಹಾಕಲಿಲ್ಲ?"

"ಬೇಡ" ಎಂದೆ, ತಿರುಗದೆ. "ಅದನ್ನ ವಿಚಾರಿಸಿ ಆಗಿದೆ."

ಲ್ಯಾಮಿನೇಟ್ ಮಾಡಲು ಹಾಳೆ ಎತ್ತಿಕೊಂಡೆ, ಅದರ ಇನ್ನೊಂದು ತುದಿಯನ್ನು ಅವರು ಬಿಡಲು ಸ್ವಲ್ಪ ಹೊತ್ತು ಹಿಡಿಯಿತು.

ಮರುದಿನ ಬಟನ್ ಹೋದಳು. ಅಳಲಿಲ್ಲವಂತೆ. ಅದರ ಮರುದಿನ ಮಧ್ಯಾಹ್ನದಿಂದಲೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕುಳಿತಿದ್ದೆ. ನಾಲ್ಕರಿಂದ ಮಕ್ಕಳು ಒಬ್ಬೊಬ್ಬರಾಗಿ ಹೊರಟರು. ಐದಕ್ಕೆ ಮುಂಚೆ ಕರೆಂಟ್ ಹೋಯಿತು, ಫ್ಯಾನ್ ನಿಂತಿತು. ಐದಾಯಿತು. ಬೆಂಚು ಖಾಲಿ.

ಐದು ಹತ್ತು. ಐದು ಇಪ್ಪತ್ತು. ಫೋನ್ ಮಾಡಿದೆ, ಸಿಗಲಿಲ್ಲ. ನಾನೇ ಹೋಗಿ ಬೆಂಚಿನ ಮೇಲೆ ಕುಳಿತೆ. ಕಾಯುವಾಗ ನನಗೆ ಬೇಸರವಾಗಬಹುದು. ಹೊಟ್ಟೆಯೊಳಗೆ ಏನೋ ಆಗಬಹುದು. ನಾನು ಉಸಿರು ಎಣಿಸಬಹುದು. ನೂರಾರು ಮಕ್ಕಳಿಗೆ ಬರೆದುಕೊಟ್ಟ ವಾಕ್ಯಗಳು. ಎಷ್ಟು ಕಷ್ಟದ ಕೆಲಸವನ್ನು ಆ ಪುಟ್ಟ ಮಕ್ಕಳಿಗೆ ಹೇಳಿಕೊಡುತ್ತಿದ್ದೆ ಎಂದು ಹನ್ನೊಂದು ವರ್ಷದ ಮೇಲೆ ತಿಳಿಯಿತು. ಮಗುವಿನ ಸಮಾಧಾನಕ್ಕೆ ಆಡಿದ ಮಾತನ್ನು ನಾನು ನನಗೆಂದು ತಿಳಿದೆನೋ ಏನೋ ಎನಿಸಿತು. ಐದೂ ನಲವತ್ತಕ್ಕೆ ಬೀಗ ಹಾಕಿ ಮೆಟ್ಟಿಲು ಇಳಿದೆ. ಒಂದು ತಟ್ಟೆ, ಒಂದು ಲೋಟ.

ಎರಡನೇ ಮಹಡಿಯ ತಿರುವಿನಲ್ಲಿ ಲೋಹದ ಮೇಲೆ ಯಾರೋ ತಟ್ಟಿದರು.

"ಟೀಚರ್?" ಎಂದಿತು ಲಿಫ್ಟಿನ ಬಾಗಿಲು. "ನಿಮ್ಮ ಚಪ್ಪಲಿ ಸದ್ದು ಅಂದುಕೊಂಡೆ."

ಓಡಿಹೋಗಿ ಬಾಗಿಲ ಸಂದಿಗೆ ಕಿವಿಯಿಟ್ಟೆ. ಐದಕ್ಕೆ ಮೂರು ನಿಮಿಷವಿದ್ದಾಗ ಹತ್ತಿದರಂತೆ. ಬಟನ್ ಇಲ್ಲದ ಮೊದಲ ದಿನ, ಅವಳ ಪರವಾಗಿ ಗುಂಡಿಯೊಂದನ್ನು ಒತ್ತಿ ಬರೋಣವೆನಿಸಿತಂತೆ. ಅರ್ಧದಲ್ಲೇ ಕರೆಂಟ್ ಹೋಗಿದೆ. ಒಳಗೆ ಫೋನಿಗೆ ಸಿಗ್ನಲ್ ಇಲ್ಲ. ಅಲಾರಂ ಬೆಲ್ಲಿನ ಬ್ಯಾಟರಿ ಬದಲಾಯಿಸಿ ಎಂದು ನಮ್ಮ ಆಫೀಸಿಗೆ ಎರಡು ಸಲ ಅವರೇ ಬರೆದುಕೊಟ್ಟಿದ್ದರಂತೆ.

"ಕೂಗಬಾರದಿತ್ತಾ?" ಎಂದೆ.

"ಕೊನೆಗೆ ಹೊರಟ ಇಬ್ಬರು ಮಕ್ಕಳು ಇಳೀತಾ ಇದ್ರು. ಮುಚ್ಚಿದ ಲಿಫ್ಟ್ ಒಳಗಿಂದ ಗಂಡಸಿನ ದನಿ ಬಂದರೆ ನಾಳೆಯಿಂದ ಅವರು ಈ ಕಟ್ಟಡಕ್ಕೇ ಬರಲ್ಲ. ಆಮೇಲೆ ಕೂಗಿದೆ, ಪಕ್ಕದ ಕಟ್ಟಡದ ಜನರೇಟರ್ ಸದ್ದಿನಲ್ಲಿ ಮೇಲಕ್ಕೆ ಕೇಳಿಸಿಲ್ಲ."

ಅವರ ಕಂಪನಿಗೆ ಫೋನ್ ಮಾಡಿದೆ. ಕಳಿಸುತ್ತೇವೆ ಎಂದರು. ಅಷ್ಟರಲ್ಲಿ ಫೋನ್ ರಿಂಗಾಯಿತು. ಅವರ ಅಕ್ಕ. ಬಟನ್ ಐದು ಗಂಟೆಯಿಂದ ಕೊನೆಯ ಪುಟ ಹಿಡಿದು ಕೇಳುತ್ತಿದ್ದಾಳೆ, ತಮ್ಮನ ಫೋನ್ ಸಿಗುತ್ತಿಲ್ಲ, ಏನು ಹೇಳಲಿ ಎಂದರು. ಹೌದು, ಬೆಂಚಿನ ಮೇಲಿದ್ದಾನೆ ಎಂದರೆ ಮುಗಿದುಹೋಗುತ್ತಿತ್ತು. ಆದರೆ ಆ ಹಣೆ ನನ್ನ ಅಂಗೈಗೆ ಬಡಿದದ್ದು ನನಗಿನ್ನೂ ನೆನಪಿದೆ.

"ಬಟನ್, ಇವತ್ತು ಮಾಮ ಬೆಂಚ್ ಮೇಲೆ ಇಲ್ಲ. ಲಿಫ್ಟ್ ಒಳಗೆ ಇದ್ದಾನೆ. ಲಿಫ್ಟ್ ನಿಂತಿದೆ. ಟೀಚರ್ ಇದ್ದಾರೆ" ಎಂದು ಫೋನನ್ನು ಸಂದಿಗೆ ಹಿಡಿದೆ.

ಆ ಕಡೆ ಪುಟಗಳು ಸರಸರ ಮಗುಚಿದವು.

"ಯಾವ ಬಟನ್?" ಎಂದಳು.

"ಮೂರು, ಪುಟ್ಟಾ. ಟೀಚರ್ ಮಹಡಿ" ಎಂದರು ಅವರು ಒಳಗಿಂದ.

"ಮೂರು" ಎಂದಳು ಅವಳು, ತೃಪ್ತಿಯಿಂದ. ಪುಸ್ತಕ ಮುಚ್ಚಿದ ಸದ್ದು ಕೇಳಿಸಿತು.

ನಾನು ಲಿಫ್ಟಿನ ಎದುರಿನ ಮೆಟ್ಟಿಲ ಮೇಲೆ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಅವರು ಕೇಳಿದರು, "ನೀವು ಮನೆಗೆ ಹೊರಟಿದ್ರಾ?"

"ಹೂಂ. ನಲವತ್ತು ನಿಮಿಷ ಕಾದೆ. ನೀವು ಬರಲ್ಲ ಅಂದುಕೊಂಡೆ."

ಜನರನ್ನು ಲಿಫ್ಟಿನಿಂದ ಬಿಡಿಸುವುದೇ ಕೆಲಸವಾದವರು. ಅವರನ್ನು ಬಿಡಿಸಲು ಹೊರಗೆ ಯಾರಾದರೂ ಕುಳಿತದ್ದು ಇದೇ ಮೊದಲಿರಬೇಕು.

"ಎಷ್ಟು ಹೊತ್ತಾಗುತ್ತಂತೆ?" ಎಂದರು.

ಎರಡು ನಿಮಿಷ ಎಂದು ನಾನು ಹೇಳಲಿಲ್ಲ.

"ನಾನು ಇಲ್ಲೇ ಇದ್ದೀನಿ" ಎಂದೆ. "ನಿಮ್ಮವರು ಹೊರಟಿದ್ದಾರೆ. ಬಂದಾಗ ಒಂದು ಸದ್ದಾಗುತ್ತೆ, ಹೆದರಬೇಡಿ. ನಾನು ಎಲ್ಲಿಗೂ ಹೋಗಲ್ಲ."

"ಇವತ್ತಾ?"

"ಇವತ್ತೂ."

ಬಾಗಿಲ ಸಂದಿಯಲ್ಲಿ ಗ್ರೀಸ್ ಮೆತ್ತಿದ ನಾಲ್ಕು ಬೆರಳ ತುದಿಗಳು ಕಾಣಿಸಿಕೊಂಡವು. ನಾನು ಎದ್ದು ಹೋಗಿ ಅವುಗಳ ಮೇಲೆ ನನ್ನ ಬೆರಳು ಇಟ್ಟೆ. ಕರೆಂಟ್ ಯಾವಾಗ ಬಂತೋ ಇಬ್ಬರೂ ಗಡಿಯಾರ ನೋಡಲಿಲ್ಲ.